ಪಿಕಪ್ ಗಾಡಿಯ ಬ್ರೇಕ್ ಒಮ್ಮೆ ಹಿಡಿದು ಒಮ್ಮೆ ಕೈಕೊಟ್ಟರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮೂಡಿಗೆರೆ ಕಡೆಯಿಂದ ಶುಂಠಿ, ತರಕಾರಿ, ಬಾಳೆಗೊನೆ ತುಂಬಿಕೊಂಡು ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುವ ಡೀಸೆಲ್ ಪಿಕಪ್ ನನ್ನದು. ಒಂದು ಮಳೆಗಾಲದಿಂದ ಮುಂದಿನ ಬೇಸಿಗೆಯವರೆಗೆ ಅದರ ಬ್ರೇಕ್ ನನ್ನ ನಿದ್ದೆ ಕೆಡಿಸಿತ್ತು. ಹತ್ತು ಟ್ರಿಪ್ಪು ಸರಿಯಾಗಿರುತ್ತಿತ್ತು, ಹನ್ನೊಂದನೆಯದರಲ್ಲಿ ಎದೆ ಝಲ್ಲೆನ್ನಿಸುತ್ತಿತ್ತು. ಆ ಹುಡುಕಾಟದಲ್ಲಿ ಕಲಿತದ್ದನ್ನು, ಆಮೇಲೆ ಸ್ಟ್ಯಾಂಡಿನಲ್ಲಿ ಚಾಲಕ ಗೆಳೆಯರು ಮತ್ತೆ ಮತ್ತೆ ಕೇಳಿದ್ದನ್ನು ಇಲ್ಲಿ ಬರೆದಿದ್ದೇನೆ. ಮುಂದೆ ಡಿಸ್ಕ್, ಹಿಂದೆ ಡ್ರಮ್, ಬ್ರೇಕ್ ಆಯಿಲ್‌ನಿಂದ ಕೆಲಸ ಮಾಡುವ ಸಣ್ಣ ಸರಕು ಗಾಡಿಗಳಿಗೆ ಇದು ಅನ್ವಯ. ಗಾಳಿ ಬ್ರೇಕಿನ ದೊಡ್ಡ ಲಾರಿಗಳ ವಿಚಾರ ಬೇರೆ.

ಬೆಳಿಗ್ಗೆ ಒಂದೇ ಒಂದು ಸಲ ಬ್ರೇಕ್ ಕೈಕೊಟ್ಟಿತು. ಈಗ ಸರಿಯಾಗಿದೆ. ಗಾಡಿ ಓಡಿಸಬಹುದಾ?

ಬೇಡ. ಕಾರಣ ಗೊತ್ತಾಗುವವರೆಗೆ ಲೋಡು ಹಾಕಬೇಡಿ, ಘಾಟಿಗಂತೂ ಇಳಿಸಲೇಬೇಡಿ. ಪೂರ್ತಿ ಕೆಟ್ಟ ಬ್ರೇಕ್ ಇರುವ ಗಾಡಿಯನ್ನು ಯಾರೂ ಹೊರಗೆ ತೆಗೆಯುವುದಿಲ್ಲ. ಆಗಾಗ ಕೈಕೊಡುವ ಬ್ರೇಕ್ ಮಾತ್ರ "ಈಗ ಸರಿ ಇದೆಯಲ್ಲ" ಎಂಬ ಮಾತಿನ ಬಲದ ಮೇಲೆ ರಸ್ತೆಗೆ ಬರುತ್ತದೆ. ಬ್ರೇಕ್ ತನ್ನಷ್ಟಕ್ಕೆ ವಾಸಿಯಾಗುವ ವಸ್ತುವಲ್ಲ. ಯಾವ ಸನ್ನಿವೇಶದಲ್ಲಿ ಕೈಕೊಟ್ಟಿತೋ ಆ ಸನ್ನಿವೇಶ ಸದ್ಯಕ್ಕೆ ಇಲ್ಲ, ಅಷ್ಟೇ.

ಗಾಡಿ ನಿಂತಲ್ಲೇ ಮೂರು ವಿಷಯ ನೋಡಿ. ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಮಟ್ಟ ಎಷ್ಟಿದೆ. ನಾಲ್ಕೂ ಚಕ್ರದ ಒಳಮೈಯಲ್ಲಿ ಒದ್ದೆ ಕಲೆ ಇದೆಯೇ. ಮೂರನೆಯದು ಪೆಡಲ್ ಅಡಿ: ಜಾರಿ ಬಂದ ಮ್ಯಾಟು, ಉರುಳಿ ಬಂದ ನೀರಿನ ಬಾಟಲಿ, ಸೀಟಿನಡಿಯ ಸ್ಪ್ಯಾನರ್ ಪೆಡಲಿಗೆ ಸಿಕ್ಕಿಕೊಂಡು ಆಮೇಲೆ ತಾನೇ ಸರಿದುಹೋಗಿರಬಹುದು. ಕ್ಯಾಬಿನ್ನಿನಲ್ಲಿ ಚಾಲಕನ ಕಾಲ ಬಳಿ ಯಾವ ವಸ್ತುವೂ ಇರಬಾರದು. ಆಯಿಲ್ ಕಡಿಮೆಯಾಗಿದ್ದರೆ ಅಥವಾ ಸೋರಿಕೆ ಕಂಡರೆ ಮೆಕ್ಯಾನಿಕ್ಕನ್ನೇ ಗಾಡಿಯ ಬಳಿಗೆ ಕರೆಸಿ.

ಗ್ಯಾರೇಜಿಗೆ ಒಯ್ದರೆ ಏನೂ ತೊಂದರೆ ಕಾಣಿಸುವುದಿಲ್ಲ. ಮೆಕ್ಯಾನಿಕ್ ನಂಬುವುದಿಲ್ಲ. ಏನು ಮಾಡಲಿ?

ಈ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ. ಖಾಲಿ ಗಾಡಿ, ತಣ್ಣಗಿನ ಎಂಜಿನ್, ಸಮತಟ್ಟು ನೆಲ, ಒಂದೆರಡು ಸಲ ಪೆಡಲ್ ಒತ್ತಿ ನೋಡುವುದು: ಗ್ಯಾರೇಜಿನಲ್ಲಿ ನಡೆಯುವ ಪರೀಕ್ಷೆ ಇದು. ನಿಮಗೆ ಕೈಕೊಟ್ಟದ್ದು ಒಂದೂಕಾಲು ಟನ್ ಲೋಡಿನಲ್ಲಿ, ಬಿಸಿಯಾದ ಗಾಡಿಯಲ್ಲಿ, ಇಳಿಜಾರಿನ ತಿರುವಿನಲ್ಲಿ. ಎರಡೂ ಬೇರೆ ಬೇರೆ ಲೋಕ.

ಅದಕ್ಕೆ ಡ್ಯಾಶ್‌ಬೋರ್ಡಿನಲ್ಲಿ ಒಂದು ಪುಟ್ಟ ನೋಟ್‌ಬುಕ್ ಇಡಿ. ಬ್ರೇಕ್ ಕೈಕೊಟ್ಟ ತಕ್ಷಣ ಗಾಡಿ ಬದಿಗೆ ಹಾಕಿ ಬರೆಯಿರಿ: ಗಾಡಿ ಹೊರಟು ಎಷ್ಟು ಹೊತ್ತಾಗಿತ್ತು, ಲೋಡು ಎಷ್ಟು, ಇಳಿಜಾರೋ ಸಮನೋ, ಮಳೆ ಇತ್ತೇ, ಎಷ್ಟನೇ ಗೇರು, ಅದಕ್ಕೆ ಮೊದಲು ಎಷ್ಟು ಸಲ ಬ್ರೇಕ್ ಒತ್ತಿದ್ದಿರಿ, ಮತ್ತು ಪೆಡಲ್ ಹೇಗಿತ್ತು. ಕೊನೆಯದು ಬಹಳ ಮುಖ್ಯ. ಗಟ್ಟಿ ಇತ್ತೇ, ಮೆತ್ತಗಿತ್ತೇ, ಕೆಳಗೆ ಹೋಯಿತೇ, ನಡುಗಿತೇ. ಸಂಜೆ ಮನೆಗೆ ಹೋಗಿ ಬರೆಯುತ್ತೇನೆಂದರೆ ಆಗುವುದಿಲ್ಲ, ಗಾಬರಿಯಲ್ಲಿ ನೆನಪು ಅದಲುಬದಲಾಗುತ್ತದೆ.

ನನ್ನ ಗಾಡಿಯ ಕತೆ ಹೇಳುತ್ತೇನೆ. ಮೊದಲ ಗ್ಯಾರೇಜಿನಲ್ಲಿ ಮುಂದಿನ ಡಿಸ್ಕನ್ನು ಅದುಮಿ ಹಿಡಿಯುವ ಪ್ಯಾಡು ಬದಲಿಸಿದರು. ಎರಡು ವಾರ ಸುಮ್ಮನಿದ್ದ ತೊಂದರೆ ಮತ್ತೆ ಬಂತು. ಎರಡನೆಯ ಕಡೆ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳ ಕಡೆ ತಳ್ಳುವ ಭಾಗ) ಹೊಸದು ಹಾಕಿದರು, ಏರ್ ತೆಗೆದರು, ಅಂದರೆ ಆಯಿಲ್ ಪೈಪಿನಲ್ಲಿ ಸೇರಿದ ಗಾಳಿ ಹೊರಬಿಟ್ಟರು. ಮತ್ತೆ ಬಂತು. ಮೂರನೆಯವರು ಹಿಂದಿನ ಡ್ರಮ್ಮಿನ ಒಳಗೆ ಉಜ್ಜುವ ಲೈನರ್ ಬದಲಿಸಿ, ಡ್ರಮ್ ಲೇತಿಗೆ ಕೊಟ್ಟರು. ದುಡ್ಡು ಹೋದದ್ದಕ್ಕಿಂತ ಹೆಚ್ಚಾಗಿ, ಪ್ರತಿ ಸಲವೂ "ಈಗ ಸರಿಯಾಯಿತು" ಎಂದು ನಂಬಿ ಲೋಡು ಹಾಕಿಕೊಂಡು ಘಾಟಿ ಇಳಿದೆನಲ್ಲ, ಅದನ್ನು ನೆನೆದರೆ ಈಗಲೂ ಮೈ ನಡುಗುತ್ತದೆ.

ಆಮೇಲೆ ಬರೆಯತೊಡಗಿದೆ. ಏಳು ಸಲ ಬರೆದ ಮೇಲೆ ಪುಟಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಏಳರಲ್ಲೂ ಎಂಜಿನ್ ಅರ್ಧ ಗಂಟೆಗಿಂತ ಹೆಚ್ಚು ಓಡಿ ಕಾದಿತ್ತು. ಏಳರಲ್ಲೂ ಪೆಡಲ್ ಕಲ್ಲಿನಂತೆ ಗಟ್ಟಿಯಾಗಿತ್ತು. ಏಳರಲ್ಲೂ ಮೊದಲ ಬ್ರೇಕ್ ಚೆನ್ನಾಗಿ ಹಿಡಿದು, ಬೆನ್ನಿಗೇ ಒತ್ತಿದ ಎರಡನೆಯದೋ ಮೂರನೆಯದೋ ಕೈಕೊಟ್ಟಿತ್ತು. ಆ ಪುಟಗಳನ್ನು ಕೊಟ್ಟಿಗೆಹಾರದ ಒಬ್ಬ ಹಿರಿಯ ಮೆಕ್ಯಾನಿಕ್ಕಿಗೆ ತೋರಿಸಿದೆ. ಅವರು ಚಕ್ರದ ಕಡೆ ತಿರುಗಿಯೂ ನೋಡಲಿಲ್ಲ. ಬಾನೆಟ್ ಎತ್ತಿ, ಗಾಳಿ ಹೀರುವ ವ್ಯಾಕ್ಯೂಮ್ ಪಂಪಿನಿಂದ, ಆ ಬಲದಲ್ಲಿ ಕಾಲಿನ ಒತ್ತನ್ನು ಹೆಚ್ಚಿಸುವ ಬೂಸ್ಟರಿಗೆ ಹೋಗುವ ರಬ್ಬರ್ ಪೈಪನ್ನು ಬಿಸಿ ಇರುವಾಗಲೇ ಹಿಚುಕಿದರು. ಹೊರಗೆ ಹೊಸದರಂತಿದ್ದ ಪೈಪಿನ ಒಳಪದರ ಕಳಚಿಕೊಂಡಿತ್ತು. ತಣ್ಣಗಿರುವಾಗ ದಾರಿ ತೆರೆದಿರುತ್ತಿತ್ತು. ಬಿಸಿಯಾಗಿ ಮೆತ್ತಗಾದಾಗ ಆ ಪದರ ಒಳಕ್ಕೆ ಮಡಚಿ ದಾರಿ ಕಟ್ಟುತ್ತಿತ್ತು. ಬೂಸ್ಟರಿನಲ್ಲಿ ಉಳಿದಿದ್ದ ಶಕ್ತಿ ಒಂದು ಬ್ರೇಕಿಗೆ ಸಾಲುತ್ತಿತ್ತು, ಮುಂದಿನ ತಿರುವಿನ ಹೊತ್ತಿಗೆ ಮತ್ತೆ ತುಂಬುತ್ತಿರಲಿಲ್ಲ. ಒಂದು ಮೊಳ ಪೈಪು ಬದಲಿಸಿದ ಮೇಲೆ ತೊಂದರೆ ಮರಳಿ ಬಂದಿಲ್ಲ.

ಪೆಡಲ್ ಹೇಗಿತ್ತು ಎಂಬುದರಿಂದ ಅಷ್ಟೊಂದು ಗೊತ್ತಾಗುತ್ತದೆಯೇ?

ಅರ್ಧ ದಾರಿ ಅಲ್ಲೇ ಮುಗಿಯುತ್ತದೆ. ಪೆಡಲ್ ಗಟ್ಟಿಯಾಗಿದ್ದೂ ಗಾಡಿ ನಿಲ್ಲದಿದ್ದರೆ ಬೂಸ್ಟರಿನ ಕಡೆ ಅಥವಾ ಕಾದುಹೋದ ಪ್ಯಾಡು, ಲೈನರಿನ ಕಡೆ ನೋಡಬೇಕು. ಪೆಡಲ್ ಸ್ಪಂಜಿನಂತೆ ಮೆತ್ತಗಿದ್ದರೆ ಪೈಪಿನೊಳಗೆ ಗಾಳಿಯೋ ಆವಿಯೋ ಸೇರಿದೆ. ಕಾಲಿಟ್ಟಂತೆಯೇ ಮೆಲ್ಲಗೆ ಕುಸಿಯುತ್ತಿದ್ದರೆ ಮಾಸ್ಟರ್ ಸಿಲಿಂಡರ್, ಇಲ್ಲವೇ ಎಲ್ಲೋ ಸೋರಿಕೆ. ಮೊದಲ ಸಲ ಕೆಳಗೆ ಹೋಗಿ ಎರಡನೇ ಸಲ ಮೇಲೇ ಸಿಕ್ಕರೆ ಹಿಂದಿನ ಶೂ (ಲೈನರ್ ಕೂರಿಸಿದ ಭಾಗ) ಅಡ್ಜಸ್ಟ್‌ಮೆಂಟ್ ಅಥವಾ ಬೇರಿಂಗ್. ಹಾಗಾಗಿ ಗ್ಯಾರೇಜಿನಲ್ಲಿ "ಬ್ರೇಕ್ ಹಿಡಿಯಲಿಲ್ಲ" ಎಂದಷ್ಟೇ ಹೇಳಬೇಡಿ.

ಸಿಗ್ನಲ್ಲಿನಲ್ಲಿ ನಿಂತಾಗ ಪೆಡಲ್ ಮೆಲ್ಲಗೆ ಒಳಗೆ ಹೋಗುತ್ತದೆ. ಜೋರಾಗಿ ಒತ್ತಿದರೆ ಸರಿ ಇರುತ್ತದೆ. ಆಯಿಲ್ ಒಂದು ಹನಿಯೂ ಕಡಿಮೆಯಾಗಿಲ್ಲ. ಯಾಕೆ ಹೀಗೆ?

ಮಾಸ್ಟರ್ ಸಿಲಿಂಡರಿನೊಳಗಿನ ರಬ್ಬರ್ ಕಪ್ ಸವೆದಿರುವ ಲಕ್ಷಣ ಇದು. ಜೋರಾಗಿ ಒತ್ತಿದಾಗ ಆಯಿಲಿನ ಒತ್ತಡವೇ ಕಪ್ಪಿನ ಅಂಚನ್ನು ಗೋಡೆಗೆ ಅದುಮುತ್ತದೆ, ಹಾಗಾಗಿ ಹಿಡಿಯುತ್ತದೆ. ಮೆಲ್ಲಗೆ ಒತ್ತಿದಾಗ ಅಂಚು ಸಡಿಲವಾಗಿ, ಆಯಿಲ್ ಕಪ್ಪನ್ನು ದಾಟಿ ಹಿಂದಕ್ಕೆ ನುಸುಳುತ್ತದೆ. ಹೊರಗೆ ಹೋಗದೆ ಒಳಗೊಳಗೇ ತಿರುಗುವುದರಿಂದ ಡಬ್ಬಿಯ ಮಟ್ಟ ಹಾಗೆಯೇ ಇರುತ್ತದೆ.

ಎಂಜಿನ್ ಚಾಲೂ ಇಟ್ಟು, ಸಮ ನೆಲದಲ್ಲಿ, ಚಕ್ರಕ್ಕೆ ಕಲ್ಲು ಕೊಟ್ಟು, ಪೆಡಲನ್ನು ಹಗುರವಾಗಿ ಒಂದು ನಿಮಿಷ ಒತ್ತಿಹಿಡಿಯಿರಿ. ಕುಸಿಯುತ್ತಾ ಹೋದರೆ ಅನುಮಾನ ಗಟ್ಟಿಯಾಯಿತು. ಹಾಗೆಂದು ಹೊಸ ಸಿಲಿಂಡರಿಗೆ ದುಡ್ಡು ಕೊಡುವ ಮೊದಲು ಎಲ್ಲಾ ಚಕ್ರದ ಒಳಗೂ ನೋಡಿಸಿ. ಹಿಂದಿನ ವೀಲ್ ಸಿಲಿಂಡರ್ (ಶೂಗಳನ್ನು ಡ್ರಮ್ಮಿಗೆ ತಳ್ಳುವ ಭಾಗ) ಸೋರಿದರೆ ಆಯಿಲ್ ಡ್ರಮ್ಮಿನೊಳಗೇ ಸೇರಿ ಹೊರಗೆ ಕಾಣಲು ಬಹಳ ದಿನ ಬೇಕು. ಬೂಸ್ಟರಿನೊಳಕ್ಕೆ ಸೋರುವುದೂ ಉಂಟು, ಆಗ ಮಟ್ಟ ಇಳಿಯುತ್ತಿರುತ್ತದೆ, ನೆಲದ ಮೇಲೆ ಹನಿ ಬೀಳುವುದಿಲ್ಲ. ಮಾಸ್ಟರ್ ಸಿಲಿಂಡರ್ ಬಿಚ್ಚಿದಾಗ ಅದರ ಬೆನ್ನು ಒದ್ದೆಯಾಗಿದ್ದರೆ ಅದೇ ಸಾಕ್ಷಿ.

ಬರೀ ರಬ್ಬರ್ ಕಿಟ್ ಹಾಕಿಸಬಹುದೇ ಎಂದು ಕೇಳುತ್ತಾರೆ. ಒಳಗೋಡೆಯಲ್ಲಿ ಗೀರು, ತುಕ್ಕು ಇಲ್ಲದಿದ್ದರೆ ಸಾಧ್ಯ. ಘಾಟಿ ಇಳಿಯುವ ಗಾಡಿಗೆ ನಾನಾದರೆ ಪೂರ್ತಿ ಸಿಲಿಂಡರನ್ನೇ ಬದಲಿಸುತ್ತೇನೆ.

ಮೊದಲ ಸಲ ಪೆಡಲ್ ತಳಕ್ಕೆ ಹೋಗುತ್ತದೆ, ಮತ್ತೊಮ್ಮೆ ಒತ್ತಿದರೆ ಸರಿ ಸಿಗುತ್ತದೆ. ಅದೂ ಕೆಲವೊಮ್ಮೆ ಮಾತ್ರ.

ಹಿಂದಿನ ಡ್ರಮ್ಮಿನಲ್ಲಿ ಶೂ ಸವೆದು ಡ್ರಮ್ಮಿನಿಂದ ದೂರ ಸರಿದಿರುತ್ತದೆ. ತಾನೇ ಅಡ್ಜಸ್ಟ್ ಆಗಬೇಕಾದ ಪುಟ್ಟ ಹಲ್ಲಿನ ಚಕ್ರ (ಅಡ್ಜಸ್ಟರ್) ಧೂಳು, ತುಕ್ಕು ಹಿಡಿದು ನಿಂತಿರುತ್ತದೆ. ಮೊದಲ ಒತ್ತಿನ ಆಯಿಲೆಲ್ಲ ಆ ದೂರ ಕ್ರಮಿಸಲು ಖರ್ಚಾಗುತ್ತದೆ. ಡ್ರಮ್ ಬಿಚ್ಚಿ, ಸ್ವಚ್ಛ ಮಾಡಿ, ಅಡ್ಜಸ್ಟರ್ ಕೈಯಲ್ಲಿ ಸಲೀಸಾಗಿ ತಿರುಗುವಂತೆ ಮಾಡಿಸಿ. ಒಳಗಿನ ಧೂಳನ್ನು ಏರ್ ಪೈಪಿನಿಂದ ಊದಲು ಬಿಡಬೇಡಿ, ಆ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು. ಒದ್ದೆ ಬಟ್ಟೆಯಲ್ಲಿ ಒರೆಸಲಿ.

ಹಳ್ಳದಿಣ್ಣೆಯ ರಸ್ತೆ ಅಥವಾ ಜೋರು ತಿರುವು ದಾಟಿದ ಮೇಲೆ ಮಾತ್ರ ಹೀಗಾಗುತ್ತಿದ್ದರೆ ಮುಂದಿನ ವೀಲ್ ಬೇರಿಂಗ್ ನೋಡಿಸಿ. ಬೇರಿಂಗ್ ಸಡಿಲವಾದರೆ ಡಿಸ್ಕ್ ಅಲ್ಲಾಡಿ ಪ್ಯಾಡನ್ನು ಹಿಂದಕ್ಕೆ ತಳ್ಳಿಬಿಡುತ್ತದೆ. ಆಮೇಲೆ ಮೊದಲ ಸಲ ಒತ್ತಿದ್ದು ಆ ಖಾಲಿ ಜಾಗ ತುಂಬುವುದಕ್ಕೇ ಖರ್ಚಾಗುತ್ತದೆ. ಬ್ರೇಕಿನ ಸಾಮಾನು ಎಷ್ಟು ಬದಲಿಸಿದರೂ ಈ ತೊಂದರೆ ಹೋಗುವುದಿಲ್ಲ.

ಘಾಟಿ ಇಳಿಯುವಾಗ ಮಾತ್ರ ಬ್ರೇಕ್ ಕಡಿಮೆಯಾಗುತ್ತದೆ. ಕೆಳಗೆ ಹೋಗಿ ಅರ್ಧ ಗಂಟೆ ನಿಂತರೆ ಮತ್ತೆ ಸರಿ.

ಒಂದು ಲೆಕ್ಕ ನೋಡೋಣ. ಲೋಡು ಸೇರಿ 3000 ಕಿಲೋ ತೂಗುವ ಗಾಡಿ ಎಂದುಕೊಳ್ಳಿ. ಗಂಟೆಗೆ 60 ಕಿ.ಮೀ. ವೇಗದಿಂದ ಅದನ್ನು ಒಮ್ಮೆ ನಿಲ್ಲಿಸಲು ಬ್ರೇಕ್ ನುಂಗಬೇಕಾದ ಶಕ್ತಿ ಸುಮಾರು 417 ಕಿಲೋಜೂಲ್. ಅದೇ ಗಾಡಿ 600 ಮೀಟರ್ ಎತ್ತರದಿಂದ ಕೆಳಗಿಳಿದರೆ ಎಲ್ಲಾದರೂ ಕರಗಬೇಕಾದ ಶಕ್ತಿ ಸುಮಾರು 17,600 ಕಿಲೋಜೂಲ್. ಅಂದರೆ 60ರ ವೇಗದಿಂದ 42 ಸಲ ನಿಲ್ಲಿಸಿದಷ್ಟು. ಬಚ್ಚಲ ಹಂಡೆಯ ಲೆಕ್ಕದಲ್ಲಿ ಹೇಳುವುದಾದರೆ, 56 ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರುವಷ್ಟು ಶಾಖ. ಇದರಲ್ಲಿ ದೊಡ್ಡ ಪಾಲನ್ನು ಎಂಜಿನ್ ಹೊರದಿದ್ದರೆ ಎಲ್ಲವೂ ಆ ನಾಲ್ಕು ಚಕ್ರಗಳ ಒಳಗೇ ಇಳಿಯುತ್ತದೆ.

ಕಾದಾಗ ಎರಡು ಬಗೆಯಲ್ಲಿ ಕೆಡುತ್ತದೆ, ಎರಡನ್ನೂ ಬೇರೆ ಮಾಡಿ ತಿಳಿಯಬೇಕು. ಪ್ಯಾಡು, ಲೈನರ್ ಅತಿಯಾಗಿ ಕಾದರೆ ಹಿಡಿತ ಕಳೆದುಕೊಳ್ಳುತ್ತವೆ. ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಸುಟ್ಟ ವಾಸನೆ ಬರುತ್ತದೆ, ಗಾಡಿ ನಿಲ್ಲುವುದಿಲ್ಲ. ಇನ್ನೊಂದು, ಬ್ರೇಕ್ ಆಯಿಲ್ ಕುದಿಯುವುದು. ಆಯಿಲನ್ನು ಅದುಮಲು ಆಗುವುದಿಲ್ಲ, ಆವಿಯನ್ನು ಅದುಮಬಹುದು. ಪೈಪಿನಲ್ಲಿ ಆವಿಯ ಗುಳ್ಳೆ ಎದ್ದರೆ ಕಾಲಿನ ಒತ್ತಡವೆಲ್ಲ ಗುಳ್ಳೆಯನ್ನು ಹಿಚುಕುವುದರಲ್ಲೇ ಮುಗಿದು ಪೆಡಲ್ ಮೆತ್ತಗೆ ತಳ ಮುಟ್ಟುತ್ತದೆ. ತಣ್ಣಗಾದ ಮೇಲೆ ಆವಿ ಮತ್ತೆ ಆಯಿಲಾಗುತ್ತದೆ. ಆಗ ಯಾರು ಪರೀಕ್ಷಿಸಿದರೂ ಬ್ರೇಕ್ ಸರಿಯಾಗಿಯೇ ಕಾಣುತ್ತದೆ.

ಉಪಾಯ ಹಳೆಯದೇ: ಹತ್ತುವಾಗ ಯಾವ ಗೇರು ಬೇಕಾಗುತ್ತಿತ್ತೋ ಅದೇ ಗೇರಿನಲ್ಲಿ ಇಳಿಯಿರಿ. ಆ ಗೇರನ್ನು ಇಳಿಜಾರು ಶುರುವಾಗುವ ಮೊದಲೇ ಹಾಕಿ. ಬ್ರೇಕ್ ಮೇಲೆ ಕಾಲು ಸವರುತ್ತಾ ಇಳಿಯಬೇಡಿ, ಒಮ್ಮೆ ಸರಿಯಾಗಿ ಒತ್ತಿ ವೇಗ ಇಳಿಸಿ ಪೂರ್ತಿ ಬಿಟ್ಟುಬಿಡಿ. ಚಾರ್ಮಾಡಿಯಲ್ಲಿ ಅಣ್ಣಪ್ಪ ಸ್ವಾಮಿ ಗುಡಿಯ ಬಳಿ ಎಲ್ಲರೂ ಗಾಡಿ ನಿಲ್ಲಿಸಿ ಕೈಮುಗಿಯುತ್ತೇವಲ್ಲ, ಆಗ ನಾನು ನಾಲ್ಕು ಚಕ್ರಗಳ ಹತ್ತಿರವೂ ಅಂಗೈ ಹಿಡಿದು ಬಿಸಿ ನೋಡುತ್ತೇನೆ. ಮುಟ್ಟಬಾರದು, ಹತ್ತಿರ ಹಿಡಿದರೆ ಸಾಕು. ಒಂದು ಚಕ್ರ ಮಾತ್ರ ಉಳಿದವುಗಳಿಗಿಂತ ಬಹಳ ಬಿಸಿ ಇದ್ದರೆ ಅದು ಸಿಕ್ಕಿಕೊಂಡಿದೆ. ಒಂದು ಮಾತ್ರ ತಣ್ಣಗಿದ್ದರೆ ಅದು ಕೆಲಸವನ್ನೇ ಮಾಡುತ್ತಿಲ್ಲ. ಕಾದ ಡ್ರಮ್ಮಿಗೆ ನೀರು ಎರಚಬೇಡಿ, ಬಿರುಕು ಬಿಡಬಹುದು.

ಬ್ರೇಕ್ ಆಯಿಲ್ ಕಡಿಮೆಯಾದಾಗ ಸೇರಿಸಿದರೆ ಸಾಲದೇ? ಪೂರ್ತಿ ಬದಲಿಸಬೇಕೇ?

ಬದಲಿಸಲೇಬೇಕು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ವಸ್ತು. ಡಾಟ್ 3 ದರ್ಜೆಯ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇದೇ ಅಂಕಿ 230 ಮತ್ತು 155. ಈ ತೇವದ ಲೆಕ್ಕ ಸುಮಾರು 3.7 ಶೇಕಡಾ ನೀರು ಸೇರಿದಾಗಿನದು. ಅಷ್ಟೇ ಅಷ್ಟು ನೀರಿಗೆ 65ರಿಂದ 75 ಡಿಗ್ರಿಯಷ್ಟು ಬಲ ಹೋಗುತ್ತದೆ. ಸಾಮಾನ್ಯವಾಗಿ 2 ವರ್ಷಕ್ಕೊಮ್ಮೆ ಎನ್ನುತ್ತಾರೆ, ನಿಮ್ಮ ಗಾಡಿಯ ಕೈಪಿಡಿಯಲ್ಲಿ ಇರುವುದನ್ನು ನೋಡಿ. ಮಲೆನಾಡಿನ ಮಳೆಯಲ್ಲಿ ದುಡಿಯುವ ಗಾಡಿಗೆ ನಾನು ವರ್ಷಕ್ಕೊಮ್ಮೆ ಹಾಕಿಸುತ್ತೇನೆ. ಒಂದು ಹೊತ್ತಿನ ಬಾಡಿಗೆಯಷ್ಟೂ ಖರ್ಚಾಗದ ಕೆಲಸ.

ಡಬ್ಬಿಯ ಮುಚ್ಚಳದ ಮೇಲೆ ಯಾವ ಡಾಟ್ ಎಂದು ಬರೆದಿರುತ್ತದೆ, ಅದನ್ನೇ ಹಾಕಿ. ಬಾಯಿ ತೆರೆದು ತಿಂಗಳುಗಟ್ಟಲೆ ಇಟ್ಟ ಬಾಟಲಿಯದು ಬೇಡ. ಎಂಜಿನ್ ಆಯಿಲ್, ಸ್ಟೀರಿಂಗ್ ಆಯಿಲ್ ಯಾವುದನ್ನೂ "ದಾರಿಯಲ್ಲಿ ಬೇರೆ ಸಿಗಲಿಲ್ಲ" ಎಂದು ಹಾಕಬೇಡಿ. ಅವು ತಾಕಿದರೆ ಬ್ರೇಕಿನ ರಬ್ಬರ್ ಕಪ್ಪುಗಳು ಊದಿಕೊಂಡು ಕೆಲವೇ ದಿನಗಳಲ್ಲಿ ಬ್ರೇಕ್ ಜಾಮ್ ಆಗುತ್ತದೆ. ಹಾಗೇನಾದರೂ ಆಗಿದ್ದರೆ ಆಯಿಲ್ ತೆಗೆದು ಹಾಕಿದರೆ ಮುಗಿಯುವುದಿಲ್ಲ, ಇಡೀ ವ್ಯವಸ್ಥೆ ತೊಳೆದು ರಬ್ಬರಿನ ಭಾಗಗಳನ್ನೆಲ್ಲ ಬದಲಿಸಬೇಕು.

ಇನ್ನೊಂದು: ಆಯಿಲ್ ಮಟ್ಟ ನಿಧಾನವಾಗಿ ಇಳಿಯುವುದು ಪ್ಯಾಡು ಸವೆದಂತೆ ಸಹಜ. ಒಂದು ವಾರದಲ್ಲಿ ಇಳಿದರೆ ಅದು ಸೋರಿಕೆ.

ಪೆಡಲ್ ಇದ್ದಕ್ಕಿದ್ದಂತೆ ಕಲ್ಲಿನಂತಾಗುತ್ತದೆ. ಬೂಸ್ಟರ್ ಹೋಗಿದೆಯೇ?

ಇರಬಹುದು, ಆದರೆ ಬೂಸ್ಟರ್ ಬಿಚ್ಚುವ ಮೊದಲು ಅದಕ್ಕೆ ಹೋಗುವ ದಾರಿ ನೋಡಿ. ಡೀಸೆಲ್ ಎಂಜಿನ್ನಿಗೆ ವ್ಯಾಕ್ಯೂಮ್ ತಯಾರಿಸಲು ಪ್ರತ್ಯೇಕ ಪಂಪು ಬೇಕು. ಹಲವು ಗಾಡಿಗಳಲ್ಲಿ ಅದು ಆಲ್ಟರ್ನೇಟರಿನ ಬೆನ್ನಿಗೇ ಅಂಟಿಕೊಂಡಿರುತ್ತದೆ. ಪಂಪು, ರಬ್ಬರ್ ಪೈಪು, ಒಂದೇ ದಿಕ್ಕಿಗೆ ಬಿಡುವ ವಾಲ್ವು, ಕೊನೆಗೆ ಬೂಸ್ಟರ್. ಈ ನಾಲ್ಕರಲ್ಲಿ ಯಾವುದು ಕೆಟ್ಟರೂ ಕಾಲಿಗೆ ಅನಿಸುವುದು ಒಂದೇ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಇದೆ. ಎಂಜಿನ್ ಬಂದ್ ಮಾಡಿ ಪೆಡಲನ್ನು ಐದಾರು ಸಲ ಒತ್ತಿ ಗಟ್ಟಿಯಾಗಲು ಬಿಡಿ. ಕಾಲು ಒತ್ತಿಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ಕಾಲಿನಡಿ ಸ್ವಲ್ಪ ಇಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ. ಆಮೇಲೆ ಎರಡು ನಿಮಿಷ ಎಂಜಿನ್ ಓಡಿಸಿ ಬಂದ್ ಮಾಡಿ, ಐದು ನಿಮಿಷ ಕಾದು ಪೆಡಲ್ ಒತ್ತಿ. ಮೊದಲ ಒಂದೆರಡು ಒತ್ತು ಹಗುರವಾಗಿ ಇರಬೇಕು. ಮೊದಲನೆಯದೇ ಗಟ್ಟಿಯಾಗಿದ್ದರೆ ವ್ಯಾಕ್ಯೂಮ್ ಎಲ್ಲೋ ಸೋರುತ್ತಿದೆ. ಈ ಎರಡನ್ನೂ ಗಾಡಿ ಚೆನ್ನಾಗಿ ಕಾದಿರುವಾಗ ಇನ್ನೊಮ್ಮೆ ಮಾಡಿ. ನನ್ನ ಗಾಡಿ ತಣ್ಣಗಿದ್ದಾಗ ಎರಡರಲ್ಲೂ ಪಾಸಾಗುತ್ತಿತ್ತು.

ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುತ್ತೇವೆ, ಕೆಲವರು ಎಂಜಿನ್ನೇ ಬಂದ್ ಮಾಡುತ್ತಾರೆ. ತಪ್ಪೇ?

ಪ್ರಾಣದ ಜೊತೆ ಜೂಜು. ಎಂಜಿನ್ ಬಂದಾದರೆ ವ್ಯಾಕ್ಯೂಮ್ ಪಂಪು ನಿಂತಿತು, ಎರಡು ಮೂರು ಬ್ರೇಕಿನ ನಂತರ ಪೆಡಲ್ ಕಲ್ಲು. ಪವರ್ ಸ್ಟೀರಿಂಗೂ ಹೋಗುತ್ತದೆ, ಕೀ ಹೊರತೆಗೆದರೆ ಸ್ಟೀರಿಂಗ್ ಲಾಕೇ ಬೀಳಬಹುದು. ನ್ಯೂಟ್ರಲ್ಲಿನಲ್ಲಿ ಎಂಜಿನ್ನಿನ ಹಿಡಿತ ಇಲ್ಲದೆ ಆ 56 ಲೀಟರಿನ ಶಾಖವೆಲ್ಲ ಬ್ರೇಕಿಗೇ.

ಹತ್ತಿಪ್ಪತ್ತು ಕಿ.ಮೀ. ಓಡಿದ ಮೇಲೆ ಬ್ರೇಕ್ ತಾನಾಗಿ ಹಿಡಿದುಕೊಳ್ಳುತ್ತದೆ. ತಣ್ಣಗಾದರೆ ಬಿಡುತ್ತದೆ.

ಗಾಡಿ ಎಳೆಯುವುದಿಲ್ಲ, ಡೀಸೆಲ್ ಹೆಚ್ಚು ಕುಡಿಯುತ್ತದೆ ಎಂದು ಪಂಪು, ನಾಝಲ್ ಎಲ್ಲ ನೋಡಿಸಿ ಕೊನೆಗೆ ಇದು ಗೊತ್ತಾದವರಿದ್ದಾರೆ. ಹಿಡಿದುಕೊಂಡಿರುವಾಗಲೇ ಪತ್ತೆ ಮಾಡಬೇಕು. ಚಕ್ರಗಳಿಗೆ ಕಲ್ಲು ಕೊಟ್ಟು, ಸಿಕ್ಕಿಕೊಂಡ ಚಕ್ರ ಎತ್ತಿ, ಅದರ ಬ್ಲೀಡರ್ ನಟ್ಟನ್ನು (ಏರ್ ತೆಗೆಯುವ ನಟ್ಟು) ಸ್ವಲ್ಪ ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ಬಿಟ್ಟರೆ ಪೈಪಿನಲ್ಲಿ ಒತ್ತಡ ಸಿಕ್ಕಿಕೊಂಡಿದೆ ಎಂದರ್ಥ. ಬಿಡದಿದ್ದರೆ ತೊಂದರೆ ಆ ಚಕ್ರದಲ್ಲೇ: ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರಿನ ಪಿಸ್ಟನ್, ಸ್ಲೈಡ್ ಪಿನ್, ಹ್ಯಾಂಡ್ ಬ್ರೇಕ್ ಕೇಬಲ್. ಚಿಮ್ಮುವ ಆಯಿಲ್ ಬಿಸಿ ಇರುತ್ತದೆ, ಕಣ್ಣಿಗೆ ಜೋಪಾನ. ಬಣ್ಣದ ಮೇಲೆ ಬಿದ್ದರೆ ಬಣ್ಣ ಕಿತ್ತುಬರುತ್ತದೆ, ಕೂಡಲೇ ನೀರು ಹಾಕಿ. ಆಮೇಲೆ ಏರ್ ತೆಗೆದೇ ಗಾಡಿ ಹೊರಡಿಸಬೇಕು.

ಒತ್ತಡ ಸಿಕ್ಕಿಕೊಂಡಿದ್ದು ಒಂದೇ ಚಕ್ರದಲ್ಲಾದರೆ ಅದರ ರಬ್ಬರ್ ಹೋಸಿನ ಮೇಲೆ ಅನುಮಾನ ಪಡಿ. ಒಳಗೆ ಹರಿದ ಹೋಸು ಕಾಲಿನ ಬಲಕ್ಕೆ ಆಯಿಲನ್ನು ಒಳಗೆ ಬಿಡುತ್ತದೆ, ವಾಪಸು ಬಿಡುವುದಿಲ್ಲ. ನಾಲ್ಕೂ ಚಕ್ರ ಹಿಡಿದರೆ ಮೇಲೆ ನೋಡಿ. ಪೆಡಲಿನಿಂದ ಮಾಸ್ಟರ್ ಸಿಲಿಂಡರಿಗೆ ಹೋಗುವ ಪುಶ್‌ರಾಡಿನಲ್ಲಿ ಕೂದಲೆಳೆಯಷ್ಟೂ ಆಟ ಇಲ್ಲದಿದ್ದರೆ, ಕಾದು ಹಿಗ್ಗಿದ ಆಯಿಲಿಗೆ ಡಬ್ಬಿಗೆ ಮರಳುವ ದಾರಿ ಮುಚ್ಚಿಹೋಗಿ ಬ್ರೇಕ್ ತಾನೇ ಬಿಗಿಯಾಗುತ್ತದೆ. ಮಾಸ್ಟರ್ ಸಿಲಿಂಡರನ್ನು ಬೂಸ್ಟರಿಗೆ ಬಿಗಿದ ನಟ್ಟುಗಳನ್ನು ಸ್ವಲ್ಪ ಸಡಿಲಿಸಿದಾಗ ಚಕ್ರಗಳು ಬಿಟ್ಟರೆ ಅದು ಖಚಿತ. ಹೊಸ ಮಾಸ್ಟರ್ ಸಿಲಿಂಡರ್ ಅಥವಾ ಬೂಸ್ಟರ್ ಹಾಕಿದ ಮೇಲೆ ಶುರುವಾದ ತೊಂದರೆಯಾದರೆ ಮೊದಲು ಇದನ್ನೇ ನೋಡಿಸಿ.

ಬ್ರೇಕ್ ಒತ್ತಿದಾಗ ಗಾಡಿ ಕೆಲವೊಮ್ಮೆ ಎಡಕ್ಕೆ, ಕೆಲವೊಮ್ಮೆ ಬಲಕ್ಕೆ ಎಳೆಯುತ್ತದೆ.

ಸದಾ ಒಂದೇ ಕಡೆ ಎಳೆದರೆ ಎದುರು ಬದಿಯ ಚಕ್ರ ಹಿಡಿಯುತ್ತಿಲ್ಲ. ಕ್ಯಾಲಿಪರಿನ ಸ್ಲೈಡ್ ಪಿನ್ನುಗಳಿಗೆ ಗ್ರೀಸ್ ಒಣಗಿ ಹೋಗಿರುತ್ತದೆ. ಎರಡೂ ಕಡೆ ಬದಲಾಗುತ್ತಿದ್ದರೆ ಬ್ರೇಕಿಗಿಂತ ಮೊದಲು ಸ್ಟೀರಿಂಗ್ ಜಾಯಿಂಟ್, ಬುಷ್, ಟೈರಿನ ಗಾಳಿ ನೋಡಿ. ಹಿಂದಿನ ಆಕ್ಸಲ್ ಆಯಿಲ್ ಸೀಲ್ ಸೋರಿ ಲೈನರ್ ಮೇಲೆ ಗೇರ್ ಆಯಿಲ್ ಬಿದ್ದಿದ್ದರೆ ಆ ಚಕ್ರ ಒಮ್ಮೆ ಜಾರುತ್ತದೆ, ಒಮ್ಮೆ ಕಚ್ಚಿಹಿಡಿಯುತ್ತದೆ. ಎಣ್ಣೆ ಕುಡಿದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕಬಾರದು.

ಮಳೆಗಾಲದಲ್ಲಿ ಮಾತ್ರ ಹೀಗಾದರೆ?

ಹಳ್ಳ ದಾಟಿದ ಮೇಲೆ ಡ್ರಮ್ಮಿಗೆ ನೀರು ಸೇರಿ ಮೊದಲ ಒಂದೆರಡು ಬ್ರೇಕ್ ಜಾರುವುದು ಸಹಜ. ನೀರಿನಿಂದ ಹೊರಬಂದ ಕೂಡಲೇ ನಿಧಾನ ವೇಗದಲ್ಲಿ, ಹಿಂದೆ ಯಾರೂ ಇಲ್ಲವೆಂದು ನೋಡಿ, ನಾಲ್ಕಾರು ಸಲ ಹಗುರವಾಗಿ ಒತ್ತಿ ಒಣಗಿಸಿ. ರಾತ್ರಿಯೆಲ್ಲ ಮಳೆಯಲ್ಲಿ ನಿಂತ ಗಾಡಿ ಬೆಳಿಗ್ಗೆ ಮೊದಲ ಬ್ರೇಕಿಗೆ ಕಿರ್ರೆಂದು ಕಚ್ಚುವುದೂ ಹಾಗೆಯೇ, ಅದು ಮೇಲುಮೇಲಿನ ತುಕ್ಕು. ಒಣಗಿದ ಮೇಲೂ ಉಳಿದರೆ ಬೇರೆ ಕಾರಣವಿದೆ.

ಲೋಡು ಇದ್ದಾಗ ಹಿಂದಿನ ಬ್ರೇಕ್ ಹಿಡಿಯುವುದಿಲ್ಲ, ಖಾಲಿ ಇದ್ದಾಗ ಹಿಂದಿನ ಚಕ್ರ ಜಾರುತ್ತದೆ. ಎರಡೂ ಒಂದೇ ಗಾಡಿಯಲ್ಲಿ ಹೇಗೆ?

ಅನೇಕ ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲಿನ ಮೇಲೆ, ಚಾಸಿಗೆ ಕಟ್ಟಿದ ಒಂದು ವಾಲ್ವು ಇರುತ್ತದೆ. ಅದರ ಕಡ್ಡಿ ಆಕ್ಸಲಿಗೆ ಜೋಡಿಸಿರುತ್ತದೆ. ಮೆಕ್ಯಾನಿಕ್ಕುಗಳು ಎಲ್‌ಎಸ್‌ಪಿವಿ ಎನ್ನುತ್ತಾರೆ. ಲೋಡು ಬಿದ್ದು ಚಾಸಿ ತಗ್ಗಿದರೆ ಹಿಂದಿನ ಚಕ್ರಕ್ಕೆ ಹೆಚ್ಚು ಒತ್ತಡ, ಖಾಲಿ ಇದ್ದರೆ ಕಡಿಮೆ. ಕಡ್ಡಿ ಕೆಸರು ತುಂಬಿ ಸಿಕ್ಕಿಕೊಂಡರೆ, ಬಾಗಿದರೆ, ತುಂಡಾದರೆ ಈ ಲೆಕ್ಕ ತಪ್ಪುತ್ತದೆ.

ಇಲ್ಲಿ ನಮ್ಮವರೇ ಮಾಡಿಕೊಳ್ಳುವ ಒಂದು ಅನಾಹುತವಿದೆ, ದಯವಿಟ್ಟು ಗಮನಿಸಿ. ಹೆಚ್ಚು ಲೋಡು ಹೊರಲೆಂದು ಎಕ್ಸ್‌ಟ್ರಾ ಕಮಾನು ಪ್ಲೇಟ್ ಹಾಕಿಸುತ್ತಾರೆ. ಆಗ ಎರಡು ಟನ್ ಹೇರಿದರೂ ಚಾಸಿ ತಗ್ಗುವುದಿಲ್ಲ. ವಾಲ್ವಿಗೆ ಗಾಡಿ ಖಾಲಿ ಇದ್ದಂತೆಯೇ ಕಾಣುತ್ತದೆ, ಹಿಂದಿನ ಬ್ರೇಕಿಗೆ ಸಾಕಷ್ಟು ಒತ್ತಡ ಬಿಡುವುದಿಲ್ಲ. ಭಾರ ಹೆಚ್ಚಿದ ಗಾಡಿಗೆ ಬ್ರೇಕ್ ಕಡಿಮೆಯಾಯಿತು. ಇಡೀ ಹೊರೆ ಮುಂದಿನ ಪ್ಯಾಡಿನ ಮೇಲೆ ಬಿದ್ದು ಅದು ಬೇಗ ಕಾಯುತ್ತದೆ. ಈ ವಾಲ್ವು ಇರುವ ಗಾಡಿಯಲ್ಲಿ ಏರ್ ತೆಗೆಯುವಾಗ ಹಿಂದಿನ ಚಕ್ರ ಜೋತಾಡುತ್ತಿರಬಾರದು, ಭಾರ ನೆಲದ ಮೇಲಿರಬೇಕು. ಇಲ್ಲದಿದ್ದರೆ ಹಿಂದಿನ ಪೈಪಿನಲ್ಲಿ ಗಾಳಿ ಉಳಿದುಬಿಡುತ್ತದೆ.

ನಿಲ್ಲುವ ಕೊನೆಯ ಗಳಿಗೆಯಲ್ಲಿ ಪೆಡಲ್ ಗಡಗಡ ನಡುಗಿ ಗಾಡಿ ಒಂದಡಿ ಮುಂದೆ ಹೋಗುತ್ತದೆ. ಒಣ ರಸ್ತೆಯಲ್ಲೂ.

ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಗಾಡಿಯಾದರೆ ಚಕ್ರದ ಸೆನ್ಸರ್ ಸುಳ್ಳು ಹೇಳುತ್ತಿದೆ. ಸೆನ್ಸರಿನ ತುದಿಗೆ ಕೆಸರು, ಕಬ್ಬಿಣದ ಪುಡಿ ಮೆತ್ತಿಕೊಂಡರೆ ಅಥವಾ ಹಲ್ಲಿನ ರಿಂಗು ಬಿರುಕು ಬಿಟ್ಟರೆ, ಚಕ್ರ ಲಾಕ್ ಆಗಿದೆ ಎಂದುಕೊಂಡು ಎಬಿಎಸ್ ಒತ್ತಡ ಬಿಟ್ಟುಬಿಡುತ್ತದೆ. ಎಚ್ಚರಿಕೆ ದೀಪ ಹೊತ್ತದೆಯೂ ಇರಬಹುದು. ಸ್ಕ್ಯಾನರಿನಲ್ಲಿ ನಾಲ್ಕೂ ಚಕ್ರದ ವೇಗ ನೋಡುತ್ತಾ ನಿಧಾನಕ್ಕೆ ಓಡಿಸಿದರೆ ಯಾವುದು ತಟ್ಟನೆ ಸೊನ್ನೆಗೆ ಬೀಳುತ್ತದೋ ಅದೇ ಕಳ್ಳ.

ಓಡುತ್ತಿರುವಾಗಲೇ ಕೈಕೊಟ್ಟರೆ?

ಪೆಡಲ್ ಮೆತ್ತಗಿದ್ದರೆ ಬೇಗ ಬೇಗ ಪಂಪ್ ಮಾಡಿ. ಹೀಗೆ ಅದು ಮೇಲೆ ಬರುವ ಸಾಧ್ಯತೆ ಇದೆ. ಗಟ್ಟಿ ಪೆಡಲ್ ಆದರೆ ಪಂಪ್ ಮಾಡಬೇಡಿ, ಎರಡೂ ಕಾಲು ಹಾಕಿ ಸೀಟಿಗೆ ಬೆನ್ನು ಕೊಟ್ಟು ಒತ್ತಿಹಿಡಿಯಿರಿ. ಬೂಸ್ಟರ್ ಇಲ್ಲದಿದ್ದರೂ ಆಯಿಲಿನ ದಾರಿ ಇದೆ, ಬಲ ಹಾಕಿದರೆ ನಿಲ್ಲುತ್ತದೆ. ಗೇರನ್ನು ಒಂದೊಂದಾಗಿ ಇಳಿಸಿ, ನ್ಯೂಟ್ರಲ್ಲಿಗೆ ಬರಬೇಡಿ, ಎಂಜಿನ್ ಬಂದ್ ಮಾಡಬೇಡಿ. ಹ್ಯಾಂಡ್ ಬ್ರೇಕಿನ ಗುಂಡಿ ಒತ್ತಿಹಿಡಿದೇ ಸ್ವಲ್ಪ ಸ್ವಲ್ಪವಾಗಿ ಎಳೆಯಿರಿ, ಒಮ್ಮೆಲೇ ಎಳೆದರೆ ಹಿಂಬದಿ ತಿರುಗುತ್ತದೆ. ಹಾರ್ನ್, ನಾಲ್ಕೂ ಇಂಡಿಕೇಟರ್. ಘಾಟಿಯಲ್ಲಾದರೆ ಕಣಿವೆ ಬಿಟ್ಟು ಗುಡ್ಡದ ಕಡೆ ಸರಿಯಿರಿ. ಚರಂಡಿಯ ಮಣ್ಣಿಗೋ ಮರಳಿಗೋ ಚಕ್ರ ಇಳಿಸಿ ಗುಡ್ಡಕ್ಕೆ ಉಜ್ಜಿಯಾದರೂ ನಿಲ್ಲಿಸಿ. ಗಾಡಿಯ ಮೈ ಹೋದರೆ ಹೋಗಲಿ. ಖಾಲಿ ಮೈದಾನದಲ್ಲಿ ಒಂದು ದಿನ ಹ್ಯಾಂಡ್ ಬ್ರೇಕಿನಿಂದ ಗಾಡಿ ನಿಲ್ಲಿಸಿ ಅಭ್ಯಾಸ ಮಾಡಿ ನೋಡಿ, ಅದು ಹಿಡಿಯುತ್ತದೋ ಇಲ್ಲವೋ ಆಗಲೇ ತಿಳಿದಿರಬೇಕು.

ನಾನು ಸಂಬಳದ ಚಾಲಕ. ಹೇಳಿದರೂ ಮಾಲೀಕರು "ಈ ಟ್ರಿಪ್ ಮುಗಿಸಿ ಬಾ" ಎನ್ನುತ್ತಾರೆ.

ಮೋಟಾರು ವಾಹನ ಕಾಯ್ದೆ 1988ರ 190ನೇ ಕಲಂ ಗೊತ್ತಿರಲಿ. ದೋಷ ಗೊತ್ತಿದ್ದೂ, ಅಥವಾ ಸಾಮಾನ್ಯ ಎಚ್ಚರಿಕೆ ವಹಿಸಿದ್ದರೆ ಗೊತ್ತಾಗಬಹುದಾಗಿದ್ದ ದೋಷವಿದ್ದೂ ಗಾಡಿ ಓಡಿಸಿದವರು ಮಾತ್ರವಲ್ಲ, ಓಡಿಸಿದವರಿಗೆ ಅವಕಾಶ ಕೊಟ್ಟವರೂ ಅದರಡಿ ಬರುತ್ತಾರೆ. ಆ ದೋಷದಿಂದ ಅಪಘಾತವಾಗಿ ಗಾಯವಾದರೆ ಜೈಲು ಶಿಕ್ಷೆಯೂ ಇದೆ. 194ನೇ ಕಲಂ ಪ್ರಕಾರ ಮಿತಿ ಮೀರಿದ ಲೋಡಿಗೆ 20,000 ರೂಪಾಯಿ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ ದಂಡ.

ಕೆಲಸ ಹೋಗುವ ಭಯ ನನಗೆ ಅರ್ಥವಾಗುತ್ತದೆ, ನಾನೂ ಆರು ವರ್ಷ ಬೇರೆಯವರ ಗಾಡಿ ಓಡಿಸಿದವನು. ಬಾಯಲ್ಲಿ ಹೇಳುವ ಬದಲು ದಿನಾಂಕ, ಜಾಗ ಸಮೇತ ವಾಟ್ಸ್ಯಾಪಿನಲ್ಲಿ ಬರೆದು ಕಳಿಸಿ, ನೋಟ್‌ಬುಕ್ಕಿನ ಪುಟದ ಫೋಟೋ ಜೊತೆಗೆ. ಬರಹದಲ್ಲಿ ಬಂದ ಮಾತಿಗೆ "ಓಡಿಸು" ಎಂದು ಬರಹದಲ್ಲೇ ಉತ್ತರಿಸಲು ಯಾವ ಮಾಲೀಕರೂ ಹಿಂಜರಿಯುತ್ತಾರೆ. ಮಾಲೀಕರು ಇದನ್ನು ಓದುತ್ತಿದ್ದರೆ: ಆ ಸೀಟಿನಲ್ಲಿ ಕೂತವನಿಗೆ ಮನೆಯಲ್ಲಿ ಕಾಯುವವರಿದ್ದಾರೆ, ಎದುರಿನಿಂದ ಬರುವ ಬೈಕಿನವನಿಗೂ ಇದ್ದಾರೆ.

ರಿಪೇರಿ ಆಯಿತು ಎನ್ನುತ್ತಾರೆ. ಹೇಗೆ ನಂಬುವುದು?

ಬಿಚ್ಚಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ. ಅದರಲ್ಲಿ ಏನು ಕೆಟ್ಟಿತ್ತು ಎಂದು ಕೈಯಲ್ಲಿ ಹಿಡಿದು ತೋರಿಸಲು ಹೇಳಿ. ಸವೆದ ಕಪ್ಪು, ಹರಿದ ಹೋಸು, ಸಿಕ್ಕಿಕೊಂಡ ಪಿನ್ನು ಕಣ್ಣಿಗೆ ಕಾಣುತ್ತದೆ. ಏನೂ ಕಾಣದ ಭಾಗ ಬದಲಾಗಿದ್ದರೆ ಕಾರಣ ಇನ್ನೂ ಗಾಡಿಯಲ್ಲೇ ಇದೆ ಎಂದುಕೊಳ್ಳಿ.

ಆಮೇಲೆ ನೋಟ್‌ಬುಕ್ಕಿನಲ್ಲಿ ಬರೆದ ಸನ್ನಿವೇಶವನ್ನೇ ಸ್ವಲ್ಪ ಸ್ವಲ್ಪವಾಗಿ ಮರಳಿ ತನ್ನಿ. ಮೊದಲು ಖಾಲಿ ಗಾಡಿ, ಸಮ ರಸ್ತೆ, ಎಂಜಿನ್ ಚೆನ್ನಾಗಿ ಕಾಯುವವರೆಗೆ. ಮರುದಿನ ಅರ್ಧ ಲೋಡು, ಊರ ಹತ್ತಿರದ ಸಣ್ಣ ಇಳಿಜಾರು, ಬೆನ್ನುಬೆನ್ನಿಗೆ ಮೂರು ನಾಲ್ಕು ಬ್ರೇಕ್. ಪ್ರತಿ ಸಲ ನಿಲ್ಲಿಸಿ ಚಕ್ರದ ಬಿಸಿ, ಆಯಿಲ್ ಮಟ್ಟ ನೋಡಿ. ನಾನು ಪೈಪು ಬದಲಿಸಿದ ಮೇಲೆ ನಾಲ್ಕು ದಿನ ಮೂಡಿಗೆರೆ ಕೊಟ್ಟಿಗೆಹಾರದ ನಡುವೆಯೇ ಓಡಾಡಿದೆ. ಐದನೆಯ ದಿನ ಅರ್ಧ ಲೋಡು ಶುಂಠಿ ಹಾಕಿಕೊಂಡು, ಎರಡನೇ ಗೇರಿನಲ್ಲಿ, ಮೆಕ್ಯಾನಿಕ್ ಅಣ್ಣನನ್ನು ಪಕ್ಕದಲ್ಲಿ ಕೂರಿಸಿಕೊಂಡು ಘಾಟಿ ಇಳಿದೆ. ಪ್ರತಿ ತಿರುವಿನಲ್ಲೂ ಅವರು ಕೇಳುತ್ತಿದ್ದದ್ದು ಒಂದೇ: "ಈಗ ಪೆಡಲ್ ಹೇಗಿದೆ?"